ಆನ್‌ಲೈನ್ ಅಂಗಡಿಗೆ ಯಾವ ಪೇಮೆಂಟ್ ದಾರಿ? ಬೀದರ್, ಭಾಲ್ಕಿ, ಔರಾದ್‌ನ ಸಣ್ಣ ವ್ಯಾಪಾರಿಗಳಿಗೆ ಒಂದು ಲೆಕ್ಕ

ಬೀದರ್ ಜಿಲ್ಲೆಯಲ್ಲಿ ಇಂಟರ್‌ನೆಟ್ ಮೂಲಕ ಮಾರಬಲ್ಲ ಸರಕಿಗೆ ಕೊರತೆಯಿಲ್ಲ. ನಗರದ ಕುಶಲಕರ್ಮಿಗಳು ಸತು–ತಾಮ್ರದ ಎರಕದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಹಳೆಯ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸಿ ತಯಾರಿಸುವ ಬಿದ್ರಿ ವಸ್ತುಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯಿದೆ. ಈ ಕಲೆಗಾಗಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಭಾಲ್ಕಿ ಕಡೆಯ ಮಹಿಳಾ ಸ್ವಸಹಾಯ ಸಂಘಗಳು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ದೂರದ ಊರುಗಳಿಗೆ ಕಳಿಸಬಲ್ಲವು. ಔರಾದ್ ಹೊಲಗಳ ತೊಗರಿ, ಉದ್ದು, ಹೆಸರು ಬೇಳೆಯಾಗಿ ನೇರವಾಗಿ ಗಿರಾಕಿಯ ಮನೆ ಸೇರಬಲ್ಲವು. ಫೋಟೊ ತೆಗೆದು ವಾಟ್ಸ್‌ಆ್ಯಪ್ ಕ್ಯಾಟಲಾಗ್‌ಗೆ ಹಾಕುವುದು, ಇನ್‌ಸ್ಟಾಗ್ರಾಂ ಪುಟ ತೆರೆಯುವುದು, ಸಣ್ಣದೊಂದು ವೆಬ್‌ಸೈಟ್ ಮಾಡಿಸುವುದು ಇಂದು ಕಷ್ಟವಲ್ಲ. ಹೊಸ ವ್ಯಾಪಾರಿ ತಡವರಿಸುವುದು ದುಡ್ಡು ಪಡೆಯುವ ಹಂತದಲ್ಲಿ. ಸ್ವಂತದ ಯುಪಿಐ ನಂಬರ್ ಕೊಟ್ಟರೆ ಸಾಕೇ, ಪೇಮೆಂಟ್ ಗೇಟ್‌ವೇ ಬೇಕೇ, ಕಾರ್ಡ್ ತೆಗೆದುಕೊಳ್ಳಬೇಕೇ, ಮನೆ ಬಾಗಿಲಲ್ಲಿ ಹಣ ಪಡೆಯುವ ಕ್ಯಾಶ್ ಆನ್ ಡೆಲಿವರಿ ಇಡಬೇಕೇ ಎಂಬ ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ.

ಇವಕ್ಕೆಲ್ಲ ಬಹುತೇಕರು ಹುಡುಕುವ ಉತ್ತರ ಒಂದೇ: ಯಾವುದರ ಶುಲ್ಕ ಕಡಿಮೆ? ಈ ಪ್ರಶ್ನೆ ಅರ್ಧ ದಾರಿಗೇ ನಿಲ್ಲುತ್ತದೆ ಎಂಬುದು ಈ ಲೇಖನದ ವಾದ. ಹಣ ದಾಟಿಸುವುದಕ್ಕೂ ಖರ್ಚಿದೆ ಎಂಬುದು ಈ ಭಾಗಕ್ಕೆ ಹೊಸ ಸಂಗತಿಯಲ್ಲ. ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಇಲ್ಲಿ ನಡೆಯುತ್ತಿದ್ದುದು ನಿಜಾಮರ ಹಾಲಿ ಸಿಕ್ಕಾ. ಅದರ 7 ರೂಪಾಯಿಗೆ ಬ್ರಿಟಿಷ್ ಭಾರತದ ಸುಮಾರು 6 ಕಲ್ದಾರ್ ರೂಪಾಯಿ ಸಿಗುತ್ತಿತ್ತು; ಆ ನಾಣ್ಯ ಪೂರ್ತಿಯಾಗಿ ರದ್ದಾದದ್ದು 1959ರಲ್ಲಿ. ಆಗಿನ ವ್ಯಾಪಾರಿಗೆ ವಿನಿಮಯದ ದರ ಕಣ್ಣೆದುರೇ ಇರುತ್ತಿತ್ತು. ಇಂದಿನ ಆನ್‌ಲೈನ್ ವ್ಯಾಪಾರದಲ್ಲಿ ಶುಲ್ಕ ಕಾಣುತ್ತದೆ, ಅದಕ್ಕಿಂತ ದೊಡ್ಡ ಖರ್ಚುಗಳು ಕಾಣುವುದಿಲ್ಲ: ವಾಪಸು ಬಂದ ಪಾರ್ಸೆಲ್, ಅರ್ಧಕ್ಕೆ ಕೈಬಿಟ್ಟ ಆರ್ಡರ್, ತಡವಾಗಿ ಖಾತೆಗೆ ಬಿದ್ದ ಹಣ, ಯಾರ ಹಣ ಬಂತು ಎಂದು ಹುಡುಕುವುದರಲ್ಲಿ ಕಳೆದ ಸಂಜೆ. ಆದ್ದರಿಂದ ಕೇಳಬೇಕಾದದ್ದು ಇಷ್ಟು: ಸರಕು ತಲುಪಿ, ಆರ್ಡರ್ ಪೂರ್ತಿ ಮುಗಿದ ಮೇಲೆ ನನ್ನ ಕೈಯಲ್ಲಿ ಉಳಿಯುವುದೆಷ್ಟು? ಹೀಗೆ ಕೇಳಿದರೆ ಬಿದ್ರಿ ಹೂದಾನಿಗೆ ಸರಿಯಾದ ಉತ್ತರ ರೊಟ್ಟಿಯ ಪೊಟ್ಟಣಕ್ಕೆ ಸರಿಯಾಗುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಯುಪಿಐ, ಆದರೆ ವ್ಯಾಪಾರದ ಹೆಸರಿನಲ್ಲಿ

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಆರಂಭಿಸಿದ ಯುಪಿಐ ಮೂಲಕ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟು ನಡೆದಿವೆ. ಗಿರಾಕಿಯ ಕೈಯಲ್ಲಿ ಈಗಾಗಲೇ ಇರುವ ಸಾಧನ ಇದು, ಕಲಿಸಿಕೊಡುವ ಅಗತ್ಯವಿಲ್ಲ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗಳಿಗೆ ವ್ಯಾಪಾರಿಯಿಂದ ಎಂಡಿಆರ್ ಎಂಬ ಶುಲ್ಕ ಪಡೆಯುವಂತಿಲ್ಲ. ಐನೂರು ರೂಪಾಯಿಯ ಸರಕು ಮಾರಿದರೆ ಐನೂರೂ ಖಾತೆಗೆ ಬರುತ್ತದೆ. ಸಣ್ಣ ಲಾಭದ ಸರಕಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇರೆಯಿಲ್ಲ. ಎರಡು ವಿನಾಯಿತಿಗಳನ್ನು ಮಾತ್ರ ನೆನಪಿಡಬೇಕು. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್‌ನಿಂದ ಹಣ ಬಂದರೆ ಸಣ್ಣ ವ್ಯಾಪಾರಿಗೆ ₹2,000ವರೆಗೆ ಮಾತ್ರ ಶುಲ್ಕವಿಲ್ಲ. ಅದಕ್ಕಿಂತ ಮೇಲಿನ ಮೊತ್ತಕ್ಕೆ ಶುಲ್ಕ ಬೀಳುತ್ತದೆ. ಹಾಗೆಯೇ ಗೇಟ್‌ವೇ ಕಂಪನಿಯ ಮೂಲಕ ಯುಪಿಐ ಪಡೆದರೆ ಆ ಕಂಪನಿ ತನ್ನ ವೇದಿಕೆಯ ಸೇವೆಗೆಂದು ಬೇರೆ ಹಣ ಕೇಳಬಹುದು. ಸಹಿ ಹಾಕುವ ಮುನ್ನವೇ ಇದನ್ನು ವಿಚಾರಿಸಬೇಕು.

ಸ್ವಂತದ ಫೋನ್‌ಪೇ ನಂಬರ್ ಇದ್ದೇ ಇದೆ, ಅದಕ್ಕೇ ಹಾಕಿಸಿಕೊಂಡರಾಯಿತಲ್ಲ ಎಂಬ ಮಾತು ಸಹಜ. ದಿನಕ್ಕೆ ಒಂದೆರಡು ಆರ್ಡರ್ ಬರುವವರೆಗೆ ಅದರಿಂದ ತೊಂದರೆಯಾಗದು. ಆದರೆ ಮನೆಖರ್ಚು, ಮಕ್ಕಳ ಫೀ, ನೆಂಟರ ಕೈಸಾಲ, ವ್ಯಾಪಾರದ ಹಣ ಎಲ್ಲವೂ ಒಂದೇ ಉಳಿತಾಯ ಖಾತೆಯಲ್ಲಿ ಬೆರೆತರೆ ಲಾಭವೆಷ್ಟು ಎಂಬುದೇ ತಿಳಿಯುವುದಿಲ್ಲ. ವೈಯಕ್ತಿಕ ವರ್ಗಾವಣೆಗಳಿಗೆ ಬ್ಯಾಂಕುಗಳು ದಿನದ ಮಿತಿ ಇಟ್ಟಿವೆ. ಇನ್ನೊಂದು ಮುಖ್ಯ ಸಂಗತಿ ಹೆಸರಿನದು. 2025ರ ಜೂನ್ 30ರಿಂದ ಯುಪಿಐ ಆ್ಯಪ್‌ಗಳು ಹಣ ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು. ಪುಣೆಯಲ್ಲಿ ಕುಳಿತ ಗಿರಾಕಿ ಒಂದು ಅಂಗಡಿಯ ಹೆಸರು ನೋಡಿ ಆರ್ಡರ್ ಕೊಟ್ಟು, ಹಣ ಹಾಕುವಾಗ ಗುರುತಿಲ್ಲದ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ಹಿಂಜರಿಯುತ್ತಾನೆ. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಅದಕ್ಕೆ ವ್ಯಾಪಾರಿ ಕ್ಯೂಆರ್ ಕೋಡ್ ಜೋಡಿಸುವುದು ಈ ಕಾರಣಕ್ಕೆ ಅಗತ್ಯ. ಉದ್ಯಮ್ ನೋಂದಣಿ ಉಚಿತವಾಗಿ ಆನ್‌ಲೈನ್‌ನಲ್ಲೇ ಆಗುತ್ತದೆ. ಖಾತೆ ತೆರೆಯಲು ಆ ಪತ್ರ ನೆರವಾಗುತ್ತದೆ. ಸ್ವಸಹಾಯ ಸಂಘಗಳ ಖಾತೆಗಳು ಸಹಕಾರಿ ಬ್ಯಾಂಕಿನಲ್ಲಿದ್ದರೆ, ಸಂಘದ ಹೆಸರಿನ ಆ ಖಾತೆಗೆ ಯುಪಿಐ ಮೂಲಕ ನೇರವಾಗಿ ಹಣ ಪಡೆಯುವ ಸೌಲಭ್ಯ ಇದೆಯೇ ಎಂದು ಶಾಖೆಯಲ್ಲಿ ಮೊದಲೇ ಕೇಳಬೇಕು. ಇಲ್ಲವಾದರೆ ಸಂಘದ ಹೆಸರಿನಲ್ಲೇ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಒಳ್ಳೆಯದು. ಸದಸ್ಯೆಯೊಬ್ಬರ ಸ್ವಂತ ಖಾತೆಗೆ ಸಂಘದ ಹಣ ಹಾಕಿಸುವುದು ಮುಂದೆ ಮನಸ್ತಾಪಕ್ಕೆ ದಾರಿ.

ಗೇಟ್‌ವೇ ಯಾರಿಗೆ ಬೇಕು, ಯಾರಿಗೆ ಬೇಡ

ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿ ಅವೆನ್ಯೂ, ಇನ್‌ಸ್ಟಾಮೋಜೊ ಮುಂತಾದ ಕಂಪನಿಗಳ ಮೂಲಕ ಅಂಗಡಿಯ ವೆಬ್‌ಸೈಟಿನಲ್ಲೇ ಯುಪಿಐ, ಕಾರ್ಡ್, ನೆಟ್‌ಬ್ಯಾಂಕಿಂಗ್ ಮೂಲಕ ಹಣ ಪಡೆಯಬಹುದು. ವೆಬ್‌ಸೈಟ್ ಇಲ್ಲದವರು ಪೇಮೆಂಟ್ ಲಿಂಕ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ಈ ಸೇವೆಗೆ ಪ್ರಕಟಿತ ದರ ಸಾಮಾನ್ಯವಾಗಿ ಶೇ 2ರ ಆಸುಪಾಸು, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಅಂದರೆ ₹500ರ ರೊಟ್ಟಿ–ಹಿಂಡಿಯ ಪಾರ್ಸೆಲ್‌ಗೆ ₹11.80 ಹೋಗುತ್ತದೆ, ₹8,000ದ ಬಿದ್ರಿ ಹೂದಾನಿಗೆ ₹188.80. ಮೊದಲನೆಯದು ಸಣ್ಣ ಮೊತ್ತ, ಎರಡನೆಯದು ದೊಡ್ಡದು ಎನಿಸುವುದು ಸಹಜ. ಲೆಕ್ಕ ಹಾಕಿದರೆ ಮಾತು ತಿರುಗುತ್ತದೆ. ರೊಟ್ಟಿಯ ಪಾರ್ಸೆಲ್‌ನಲ್ಲಿ ಸಂಘಕ್ಕೆ ಉಳಿಯುವುದು ₹60 ಎಂದಿಟ್ಟುಕೊಂಡರೆ ಅದರ ಐದನೇ ಒಂದು ಭಾಗ ಗೇಟ್‌ವೇಗೆ ಹೋದಂತಾಯಿತು. ಆ ಗಿರಾಕಿ ಹೇಗಿದ್ದರೂ ಯುಪಿಐನಲ್ಲಿ ಕೊಡುವವನೇ; ಅವನಿಗಾಗಿ ಈ ಖರ್ಚು ಬೇಕಿಲ್ಲ. ಹೂದಾನಿಯಲ್ಲಿ ಉಳಿಯುವುದು ₹2,000 ಎಂದಿಟ್ಟುಕೊಂಡರೆ, ಕ್ರೆಡಿಟ್ ಕಾರ್ಡ್ ಸೌಲಭ್ಯವಿಲ್ಲವೆಂದು ಬಿಟ್ಟುಹೋಗುವ ಒಬ್ಬ ಗಿರಾಕಿಯನ್ನು ಉಳಿಸಿಕೊಂಡರೂ ಹತ್ತು ಮಾರಾಟಗಳ ಶುಲ್ಕ ಹುಟ್ಟುತ್ತದೆ. ದುಬಾರಿ ಕಲಾವಸ್ತುವನ್ನು ಕಂತಿನಲ್ಲಿ ಅಥವಾ ಕಾರ್ಡಿನಲ್ಲಿ ಕೊಳ್ಳಬಯಸುವವರು ಹೈದರಾಬಾದ್, ಬೆಂಗಳೂರಿನಂಥ ನಗರಗಳಲ್ಲಿದ್ದಾರೆ. ಬಿದ್ರಿಗೆ ಗೇಟ್‌ವೇ ಬೇಕು, ರೊಟ್ಟಿಗೆ ಸದ್ಯಕ್ಕೆ ಬೇಡ ಎಂದು ಹೇಳುವುದಕ್ಕೆ ಈ ಲೆಕ್ಕವೇ ಆಧಾರ.

ಡೆಬಿಟ್ ಕಾರ್ಡ್ ವಿಷಯದಲ್ಲಿ ಸಣ್ಣ ವ್ಯಾಪಾರಿಗೆ ರಿಸರ್ವ್ ಬ್ಯಾಂಕಿನ ರಕ್ಷಣೆ ಇದೆ. ವರ್ಷದ ವಹಿವಾಟು ₹20 ಲಕ್ಷದೊಳಗಿದ್ದರೆ ಎಂಡಿಆರ್ ಶೇ 0.40 ಮೀರಬಾರದು, ಒಂದು ವಹಿವಾಟಿಗೆ ₹200 ದಾಟಬಾರದು ಎಂಬ ಮಿತಿ 2018ರ ಜನವರಿಯಿಂದ ಇದೆ. ಕ್ರೆಡಿಟ್ ಕಾರ್ಡ್‌ಗೆ ಇಂಥ ಮಿತಿಯಿಲ್ಲ. ಎಲ್ಲಕ್ಕೂ ಒಂದೇ ದರ ಎಂದು ಹೇಳುವ ಕಂಪನಿಯನ್ನು, ಡೆಬಿಟ್ ಕಾರ್ಡ್‌ಗೆ ಎಷ್ಟು, ಯುಪಿಐಗೆ ಎಷ್ಟು, ಹಣ ವಾಪಸು ಮಾಡಿದಾಗ ಮೊದಲು ಹಿಡಿದ ಶುಲ್ಕ ಮರಳುತ್ತದೆಯೇ, ಖಾತೆಗೆ ಹಣ ಎಷ್ಟನೇ ದಿನ ಬೀಳುತ್ತದೆ ಎಂದು ಬಿಡಿಬಿಡಿಯಾಗಿ ಕೇಳಬೇಕು. ಕೊನೆಯ ಪ್ರಶ್ನೆ ಬಿದ್ರಿ ಕೆಲಸಗಾರರಿಗೆ ವಿಶೇಷವಾಗಿ ಮುಖ್ಯ. ಮುಂದಿನ ಆರ್ಡರಿಗೆ ಬೆಳ್ಳಿ ತರಬೇಕಾದದ್ದು ಈ ಹಣದಿಂದಲೇ. ಬೆಳ್ಳಿಯ ಬೆಲೆ ದಿನದಿನಕ್ಕೂ ಬದಲಾಗುತ್ತದೆ. ಹೇಳಿ ಮಾಡಿಸುವ ವಸ್ತುಗಳಿಗೆ ಅರ್ಧ ಹಣವನ್ನು ಮುಂಗಡವಾಗಿ, ಉಳಿದದ್ದನ್ನು ಕೆಲಸ ಮುಗಿದ ಫೋಟೊ ಕಳಿಸಿದ ಮೇಲೆ ಪಡೆಯುವುದು ಎರಡೂ ಕಡೆಗೆ ನ್ಯಾಯ. ಎರಡು ಪೇಮೆಂಟ್ ಲಿಂಕ್‌ಗಳಲ್ಲಿ ಈ ಕೆಲಸ ಮುಗಿಯುತ್ತದೆ.

ಕಂಪನಿಯ ಆಯ್ಕೆಯಲ್ಲಿ ಜಾಹೀರಾತಿಗಿಂತ ರಿಸರ್ವ್ ಬ್ಯಾಂಕಿನ ಅಧಿಕೃತ ಪಟ್ಟಿ ಮುಖ್ಯ. ಗಿರಾಕಿ ಕೊಟ್ಟ ಹಣವನ್ನು ನಡುವೆ ಇಟ್ಟುಕೊಂಡು ವ್ಯಾಪಾರಿಗೆ ತಲುಪಿಸುವ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ನಿಯಮ ರೂಪಿಸಿತು. ಅವುಗಳಿಗೆ ಪರವಾನಗಿ ಬೇಕು, ಹಣ ಪ್ರತ್ಯೇಕ ಎಸ್ಕ್ರೊ ಖಾತೆಯಲ್ಲಿರಬೇಕು. ಪರವಾನಗಿ ಪ್ರಕ್ರಿಯೆ ನಡೆದಾಗ ರೇಜರ್‌ಪೇ, ಕ್ಯಾಶ್‌ಫ್ರೀಯಂಥ ದೊಡ್ಡ ಕಂಪನಿಗಳೂ 2022ರ ಡಿಸೆಂಬರ್‌ನಿಂದ ಸುಮಾರು ಒಂದು ವರ್ಷ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳಿಗೆ 2024ರ ಮಾರ್ಚ್ 15ರ ನಂತರ ಹಣ ಜಮಾ ಆಗುವುದು ನಿಂತಾಗ, ಅಲ್ಲಿಗೇ ಹಣ ಪಡೆಯುತ್ತಿದ್ದ ವ್ಯಾಪಾರಿಗಳು ಬೇರೆ ಬ್ಯಾಂಕ್ ಹುಡುಕಬೇಕಾಯಿತು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ಯುಪಿಐ ವ್ಯವಸ್ಥೆಯೇ ದೇಶದಾದ್ಯಂತ ಕೆಲವು ಗಂಟೆ ತೊಡಕಿಗೆ ಸಿಕ್ಕಿತು. ಇವುಗಳಿಂದ ಕಲಿಯಬೇಕಾದದ್ದು ಸ್ಪಷ್ಟ: ಎಷ್ಟೇ ಸಣ್ಣ ಅಂಗಡಿಯಾದರೂ ಹಣ ಬರುವ ದಾರಿ ಎರಡಿರಬೇಕು, ಅವೆರಡೂ ಒಂದೇ ಕಂಪನಿಯವಾಗಿರಬಾರದು.

ಕ್ಯಾಶ್ ಆನ್ ಡೆಲಿವರಿ: ಕಾಣದ ಖರ್ಚು

ನಮ್ಮ ಕಡೆಯ ಜನ ಸರಕು ನೋಡದೆ ದುಡ್ಡು ಕೊಡುವುದಿಲ್ಲ, ಕ್ಯಾಶ್ ಆನ್ ಡೆಲಿವರಿ ಇಲ್ಲದೆ ವ್ಯಾಪಾರವಿಲ್ಲ ಎಂಬುದು ಅತ್ಯಂತ ಗಟ್ಟಿಯಾದ ಆಕ್ಷೇಪ. ಅದರಲ್ಲಿ ಸತ್ಯವಿದೆ. ಅಂಚೆಯ ವಿಪಿಪಿ ಮೂಲಕ ಪುಸ್ತಕ, ಔಷಧಿ ತರಿಸಿಕೊಂಡ ತಲೆಮಾರುಗಳು ಸರಕು ಬಂದ ಮೇಲೆಯೇ ಹಣ ಕೊಟ್ಟಿವೆ. ಹೊಸ ಅಂಗಡಿಯನ್ನು ಅಪರಿಚಿತ ಗಿರಾಕಿ ನಂಬಲಿ ಎಂದು ಬಯಸುವುದಕ್ಕೂ ಮಿತಿಯಿದೆ. ಆದರೆ ಆ ನಂಬಿಕೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ಲೆಕ್ಕದಲ್ಲಿ ನೋಡಬೇಕು. ಲೆಕ್ಕಕ್ಕಾಗಿ ₹500ರ ಹತ್ತು ಪಾರ್ಸೆಲ್ ಕಳಿಸಿದೆವು, ಕಳಿಸುವ ಖರ್ಚು ತಲಾ ₹80, ಬಾಗಿಲು ತೆರೆಯದೆ ಎರಡು ವಾಪಸು ಬಂದವು, ತರಿಸುವ ಖರ್ಚೂ ತಲಾ ₹80 ಎಂದಿಟ್ಟುಕೊಳ್ಳೋಣ. ಆ ಎರಡಕ್ಕೆ ಹೋದದ್ದು ₹320. ಅದು ಮಾರಾಟವಾದ ಎಂಟರ ಮೇಲೆ ತಲಾ ₹40 ಬೀಳುತ್ತದೆ, ಅಂದರೆ ಶೇ 8. ದುಬಾರಿ ಎನ್ನುತ್ತಿದ್ದ ಗೇಟ್‌ವೇ ಶುಲ್ಕದ ಮೂರು ಪಟ್ಟಿಗೂ ಹೆಚ್ಚು. ಕೊರಿಯರ್‌ನವರು ಹಣ ವಸೂಲಿಗೆ ಪಡೆಯುವ ಶುಲ್ಕ ಇದರ ಮೇಲೆ. ವಾಪಸು ಬಂದ ರೊಟ್ಟಿ ಪುಡಿಯಾಗಿರುತ್ತದೆ, ಹಿಂಡಿ ಮುಗ್ಗಲು ವಾಸನೆ ಹಿಡಿದಿರುತ್ತದೆ. ಅದರ ಬೆಲೆಯೂ ಹೋದಂತೆಯೇ.

ಹಾಗೆಂದು ಇದನ್ನು ಪೂರ್ತಿ ತೆಗೆದುಹಾಕಬೇಕಿಲ್ಲ. ಗಿರಾಕಿಗೆ ನಂಬಿಕೆ, ವ್ಯಾಪಾರಿಗೆ ಭದ್ರತೆ ಎರಡನ್ನೂ ಕೊಡುವ ಮಧ್ಯದ ದಾರಿಯಿದೆ. ಹೋಗಿಬರುವ ಸಾಗಣೆಯ ಖರ್ಚಿನ ಬಹುಪಾಲನ್ನು ತುಂಬುವ ₹100 ಅಥವಾ ₹150ನ್ನು ಯುಪಿಐನಲ್ಲಿ ಮುಂಗಡ ಪಡೆದು, ಉಳಿದದ್ದನ್ನು ಬಾಗಿಲಲ್ಲಿ ಪಡೆಯುವುದು ಆ ದಾರಿ. ಆಸಕ್ತಿಯಿಲ್ಲದವರು ಮುಂಗಡದ ಹಂತದಲ್ಲೇ ಹಿಂದೆ ಸರಿಯುತ್ತಾರೆ. ನಿಜವಾಗಿ ಬೇಕಾದವರಿಗೆ ಅಷ್ಟು ಕೊಡುವುದು ಭಾರವಲ್ಲ. ಮೊದಲೇ ಪೂರ್ತಿ ಹಣ ಕೊಟ್ಟವರಿಗೆ ಸಾಗಣೆ ಖರ್ಚಿನಲ್ಲಿ ರಿಯಾಯಿತಿ ಕೊಟ್ಟರೆ ಹಲವರು ಅದನ್ನೇ ಆರಿಸುತ್ತಾರೆ. ಬೀದರ್ ನಗರ, ಭಾಲ್ಕಿ, ಔರಾದ್ ಊರೊಳಗೆ ನಾವೇ ಮುಟ್ಟಿಸುವ ಸರಕಿಗೆ ಬಾಗಿಲಲ್ಲೇ ಕ್ಯೂಆರ್ ತೋರಿಸಿ ಹಣ ಪಡೆಯಬಹುದು; ಅಲ್ಲಿ ವಾಪಸಿನ ಖರ್ಚಿಲ್ಲ. ಬಿದ್ರಿಯಂಥ ದುಬಾರಿ ವಸ್ತುವಿಗೆ ಮಾತ್ರ ಕ್ಯಾಶ್ ಆನ್ ಡೆಲಿವರಿ ಇಡಲೇಬಾರದು. ನಂಬಿಕೆ ಬೇಕೆನ್ನುವವರಿಗೆ ವಿಡಿಯೊ ಕರೆಯಲ್ಲಿ ವಸ್ತು ತೋರಿಸಿ, ವಾಪಸಿನ ಷರತ್ತುಗಳನ್ನು ಬರಹದಲ್ಲಿ ಕೊಡಿ. 2020ರ ಗ್ರಾಹಕ ಸಂರಕ್ಷಣಾ ಇ–ಕಾಮರ್ಸ್ ನಿಯಮಗಳ ಪ್ರಕಾರ ವಾಪಸು, ಮರುಪಾವತಿ, ಪಾವತಿ ವಿಧಾನಗಳ ಮಾಹಿತಿಯನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸುವುದು ಹೇಗಿದ್ದರೂ ಮಾರುವವರ ಕರ್ತವ್ಯ.

ತೆರಿಗೆಯ ಭಯ ಮತ್ತು ಗಡಿಯ ಪ್ರಶ್ನೆ

ಯುಪಿಐ ತೆಗೆದುಕೊಂಡರೆ ತೆರಿಗೆ ನೋಟಿಸ್ ಬರುತ್ತದೆ ಎಂಬ ಅಂಜಿಕೆ 2025ರ ಜುಲೈನಿಂದ ಬಲವಾಗಿದೆ. ಆಗ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು; ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತು, ನಗದು ಮಾತ್ರ ಎಂದು ಬರೆದು ಹಾಕಿದವು. ನಂತರ ವ್ಯಾಪಾರಿಗಳ ಜತೆ ಮುಖ್ಯಮಂತ್ರಿ ಸಭೆ ನಡೆಸಿದರು, ಹಳೆಯ ಬಾಕಿಯ ಬಗ್ಗೆ ಸರ್ಕಾರ ಮೃದು ನಿಲುವು ತಳೆಯಿತು. ಈ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಯುಪಿಐ ಬಿಡುವುದರಿಂದ ಅದು ಪರಿಹಾರವಾಗುವುದಿಲ್ಲ, ಏಕೆಂದರೆ ತೆರಿಗೆ ಬೀಳುವುದು ಮಾರಾಟದ ಮೇಲೆ. ನಗದಿನಲ್ಲಿ ಪಡೆದರೂ ಹೊಣೆ ಅದೇ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ₹40 ಲಕ್ಷ, ಸೇವೆಗಳಿಗೆ ₹20 ಲಕ್ಷ. ಖಾತೆಗೆ ಬಂದ ಹಣವೆಲ್ಲ ಮಾರಾಟವಲ್ಲ, ಮಾರಿದ್ದೆಲ್ಲ ತೆರಿಗೆಯ ಸರಕಲ್ಲ ಎಂದು ತೋರಿಸಲು ಬೇಕಾದದ್ದು ದಾಖಲೆ. ಪ್ರತ್ಯೇಕ ಚಾಲ್ತಿ ಖಾತೆ, ಪ್ರತಿ ಆರ್ಡರಿಗೊಂದು ಬಿಲ್ ಇದ್ದರೆ ಆ ದಾಖಲೆ ತಾನಾಗಿಯೇ ತಯಾರಾಗಿರುತ್ತದೆ.

ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ ಪ್ರಶ್ನೆ ಗಡಿಯದು. ಬೀದರಿಗೆ ಜಹೀರಾಬಾದ್, ಭಾಲ್ಕಿಗೆ ಉದಗೀರ್, ಔರಾದಿಗೆ ದೇಗಲೂರು ನೆರೆಯ ಪೇಟೆಗಳು, ಆದರೆ ಅವು ಬೇರೆ ರಾಜ್ಯದಲ್ಲಿವೆ. ತೆರಿಗೆಯ ಸರಕನ್ನು ಬೇರೆ ರಾಜ್ಯದ ಗಿರಾಕಿಗೆ ಮಾರಿದರೆ ₹40 ಲಕ್ಷದ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಮಾರಾಟಕ್ಕೇ ನೋಂದಣಿ ಬೇಕು. ಸರ್ಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಒಂದು ಮಿತಿಯವರೆಗೆ ವಿನಾಯಿತಿಯಿದೆ, ಅದಕ್ಕೂ ಪ್ಯಾನ್ ಮತ್ತು ಇ–ವೇ ಬಿಲ್ ಬೇಕು. ಬಿಡಿಯಾಗಿ ಮಾರುವ ತೊಗರಿ ಬೇಳೆಗೆ ತೆರಿಗೆಯಿಲ್ಲ, 25 ಕೆ.ಜಿ.ವರೆಗಿನ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ 5 ಇದೆ. ಆದ್ದರಿಂದ ಗಡಿಯಾಚೆಗೆ ಪಾರ್ಸೆಲ್ ಕಳಿಸುವ ಮೊದಲು ತೆರಿಗೆ ಸಲಹೆಗಾರರ ಬಳಿ ಒಮ್ಮೆ ಕೂತು, ತಮ್ಮ ಸರಕು ಯಾವ ಪಟ್ಟಿಯಲ್ಲಿದೆ ಎಂದು ಬರೆಸಿಕೊಳ್ಳುವುದು ಅತ್ಯಂತ ಲಾಭದ ಖರ್ಚು. ಹೊರದೇಶಕ್ಕೆ ಬಿದ್ರಿ ಕಳಿಸುವವರು ರಫ್ತಿಗೆ ಬೇಕಾದ ಐಇಸಿ ಸಂಖ್ಯೆ ಪಡೆದು, ಹೊರದೇಶದ ಪಾವತಿಗೆ ರಿಸರ್ವ್ ಬ್ಯಾಂಕಿನ ಅನುಮತಿಯಿರುವ ಕಂಪನಿಯ ಮೂಲಕ ಅಥವಾ ತಮ್ಮ ಬ್ಯಾಂಕಿನ ಮೂಲಕವೇ ಹಣ ಪಡೆಯಬೇಕು. ಅಂಚೆ ಇಲಾಖೆಯ ಡಾಕ್ ನಿರ್ಯಾತ್ ಕೇಂದ್ರಗಳು ಸಾಗಣೆಯ ಕಾಗದಪತ್ರಕ್ಕೆ ನೆರವಾಗುತ್ತವೆ.

ಹಣ ಬಂದಿದೆ ಎಂದು ನಂಬುವ ಮೊದಲು

ಆನ್‌ಲೈನ್ ವ್ಯಾಪಾರಿ ಹಣ ಕಳೆದುಕೊಳ್ಳುವುದು ಬಹುಪಾಲು ಅವಸರದಲ್ಲಿ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ಪಾವತಿಗೆ ಪುರಾವೆಯಲ್ಲ. ಅಂಥದ್ದನ್ನು ಸೃಷ್ಟಿಸುವ ನಕಲಿ ಆ್ಯಪ್‌ಗಳಿವೆ. ತಮ್ಮ ಖಾತೆಯಲ್ಲಿ ಹಣ ಕಂಡ ಮೇಲೆಯೇ ಪಾರ್ಸೆಲ್ ಹೊರಡಬೇಕು. ಹಣ ಪಡೆಯಲು ಪಿನ್ ಹಾಕಬೇಕಿಲ್ಲ. ಹಾಕಿ ಎಂದು ಹೇಳುವವರು ಮೋಸಗಾರರೇ. ತಪ್ಪಿ ಹೆಚ್ಚು ಕಳಿಸಿದ್ದೇನೆ, ಬೇರೆ ನಂಬರಿಗೆ ವಾಪಸು ಹಾಕಿ ಎಂದರೆ ಹಣ ಬಂದ ಖಾತೆಗೇ, ಬಂದ ದಾರಿಯಲ್ಲೇ ಮರಳಿಸಬೇಕು. ಎಲ್ಲೋ ವಂಚನೆಯಾದ ಹಣ ಗಿರಾಕಿಯ ಮೂಲಕ ಅಂಗಡಿಯ ಖಾತೆಗೆ ಬಂದಿದ್ದರೆ ದೂರಿನ ಮೇರೆಗೆ ಬ್ಯಾಂಕ್ ಆ ಮೊತ್ತವನ್ನೋ ಖಾತೆಯನ್ನೋ ತಡೆಹಿಡಿಯಬಹುದು. ಬಿಲ್, ವಿಳಾಸ, ಕೊರಿಯರ್ ರಸೀದಿ ಕೈಯಲ್ಲಿದ್ದರೆ ಬಿಡಿಸಿಕೊಳ್ಳುವುದು ಸುಲಭ, ಮನೆಯ ಉಳಿತಾಯವೂ ಜತೆಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ನಮಗೆ ಬಾರದಿದ್ದರೆ ಜಗಳ ಬೇಡ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ ಅಂಗಡಿಗೆ ಮಾಡಿದ ಇಂಥ ಯುಪಿಐ ಪಾವತಿ ವಹಿವಾಟಿನ ನಂತರದ 5 ದಿನಗಳೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಗಿರಾಕಿಗೆ ಸಿಗಬೇಕು. ಇದನ್ನು ತಿಳಿಸಿ ಹೇಳಿದರೆ ಗಿರಾಕಿ ಉಳಿಯುತ್ತಾನೆ. ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಒಟ್ಟಿನಲ್ಲಿ ಆಯ್ಕೆಯ ಕ್ರಮ ಹೀಗೆ. ಎಲ್ಲರಿಗೂ ಮೊದಲು ಅಂಗಡಿಯ ಹೆಸರಿನ ಚಾಲ್ತಿ ಖಾತೆ, ಅದಕ್ಕೆ ವ್ಯಾಪಾರಿ ಯುಪಿಐ. ರೊಟ್ಟಿ, ಹಿಂಡಿ, ಬೇಳೆಯಂಥ ಸಣ್ಣ ಬೆಲೆಯ ಸರಕಿಗೆ ಆರ್ಡರ್‌ಗಳನ್ನು ಕೈಯಿಂದ ಹೊಂದಿಸಿ ನೋಡಲು ಆಗದಷ್ಟು ಬೆಳೆಯುವವರೆಗೆ ಇಷ್ಟು ಸಾಕು. ದೂರದೂರಿಗೆ ಮುಂಗಡ ಸಹಿತದ ಕ್ಯಾಶ್ ಆನ್ ಡೆಲಿವರಿ. ಬಿದ್ರಿಯಂಥ ದುಬಾರಿ ಸರಕಿಗೆ ಮೊದಲ ದಿನದಿಂದಲೇ ಪರವಾನಗಿ ಇರುವ ಗೇಟ್‌ವೇ ಅಥವಾ ಪೇಮೆಂಟ್ ಲಿಂಕ್, ಕಾರ್ಡ್ ಸಹಿತ. ತಿಂಗಳಿಗೊಮ್ಮೆ ಕೂತು, ಪ್ರತಿ ದಾರಿಯಲ್ಲಿ ಎಷ್ಟು ಆರ್ಡರ್ ಮುಗಿದವು, ಎಷ್ಟು ವಾಪಸು ಬಂದವು, ಕೈಯಲ್ಲಿ ಉಳಿದದ್ದೆಷ್ಟು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಷ್ಟದ ದಾರಿಯನ್ನು ಮುಚ್ಚಲು, ಲಾಭದ ದಾರಿಯನ್ನು ಅಗಲ ಮಾಡಲು ಯಾವ ಕಂಪನಿಯ ಏಜೆಂಟರ ಮಾತಿಗಿಂತಲೂ ನಿಮ್ಮ ಆ ಬರಹವೇ ಹೆಚ್ಚು ನಂಬಲರ್ಹ.